ನಗಬೇಡಿ, ‘ವಿಲ್’ ಕಲಿಯೋಣ



ಹೋದ ವಾರ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮೇಷ್ಟ್ರು ನನ್ನನ್ನು ಎಬ್ಬಿಸಿ, ನಾಳೆ ಏನು ಮಾಡ್ತೀಯ ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ‘ಟುಮಾರೋ ಐ ಗೋ ಟು ಮೈ ಅಂಕಲ್ಸ್ ಹೌಸ್’ ಅಂದೆ. ಹಿಂದಿನ ಸಾಲಿನವರೆಲ್ಲ ಗೊಳ್ಳೆಂದು ನಕ್ಕರು. ‘ವಿಲ್ ಎಲ್ಲಿ ಹೋಯ್ತೋ?’ ಅಂತ ಒಬ್ಬ ಕೂಗಿದ. ಆಮೇಲೆ ನಾಲ್ಕು ದಿನ ನಾನು ಇಂಗ್ಲಿಷಿನಲ್ಲಿ ಬಾಯೇ ಬಿಡಲಿಲ್ಲ.

ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಆ ತಪ್ಪು ಬಂದದ್ದು ಎಲ್ಲಿಂದ? ನಮ್ಮ ಕನ್ನಡದಿಂದಲೇ! ‘ನಾಳೆ ಮಾವನ ಮನೆಗೆ ಹೋಗ್ತೀನಿ’ ಅಂತ ನಾವೆಲ್ಲ ಹೇಳ್ತೀವಿ. ‘ಹೋಗುವೆನು’ ಅಂತ ಮನೇಲಿ ಯಾರಾದರೂ ಮಾತಾಡುತ್ತಾರೆಯೇ? ‘ಹೋಗ್ತೀನಿ’ ಅನ್ನುವುದು ವರ್ತಮಾನ ಕಾಲ. ‘ನಾಳೆ’ ಅನ್ನೋ ಪದದಿಂದಲೇ ಮುಂದಿನ ಮಾತು ಅಂತ ತಿಳಿಯುತ್ತದೆ. ಕನ್ನಡ ವ್ಯಾಕರಣದಲ್ಲಿ ಇದಕ್ಕೆ ‘ಕಾಲಪಲ್ಲಟ’ ಅಂತ ಹೆಸರೇ ಇದೆ. ಆದರೆ ನನ್ನ ಇಂಗ್ಲಿಷ್ ವಾಕ್ಯಕ್ಕೆ ‘ಟುಮಾರೋ’ ಒಂದೇ ಸಾಲದು, ‘ವಿಲ್’ ಕೂಡ ಬೇಕು. ಇದನ್ನು ಮೊದಲೇ ಹೋಲಿಸಿ ಹೇಳಿಕೊಟ್ಟರೆ ನಾವು ತಪ್ಪುವುದಿಲ್ಲ.

ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಇಂಗ್ಲಿಷೇ ಸುಲಭ. ಕನ್ನಡದಲ್ಲಿ ಹೋಗುವೆನು, ಹೋಗುವೆವು, ಹೋಗುವೆ, ಹೋಗುವಿರಿ, ಹೋಗುವನು, ಹೋಗುವಳು, ಹೋಗುವರು, ಹೋಗುವುದು, ಹೋಗುವುವು ಅಂತ 9 ರೂಪ ಇವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ ‘ವಿಲ್ ಗೋ’. ಹಳೆಯ ವ್ಯಾಕರಣ ಪುಸ್ತಕಗಳಲ್ಲಿ ‘ಐ’, ‘ವಿ’ ಬಂದರೆ ‘ಶಲ್’ ಅಂತ ಇದೆ. ಈಗ ಅಲ್ಲಿಯೂ ‘ವಿಲ್’ ಹಾಕಿದರೆ ತಪ್ಪಲ್ಲ. ‘ಹೋಗೋಣವೇ?’ ಅಂತ ಕೇಳಲು ಮಾತ್ರ ‘ಶಲ್ ವಿ ಗೋ?’ ಅನ್ನಬೇಕು.

ಎರಡು ಕಡೆ ಎಚ್ಚರ ಇರಲಿ. ‘ವಿಲ್’ ಆದ ಮೇಲೆ ಕ್ರಿಯಾಪದದ ಮೂಲ ರೂಪವೇ ಬರಬೇಕು. ‘ಹಿ ವಿಲ್ ಗೋಸ್’, ‘ಹಿ ವಿಲ್ ವೆಂಟ್’ ಎರಡೂ ತಪ್ಪು. ಇನ್ನೊಂದು, ‘ಮಳೆ ಬಂದರೆ ನಾನು ಹೋಗುವುದಿಲ್ಲ’ ಅನ್ನಲು ‘ಇಫ್ ಇಟ್ ರೇನ್ಸ್, ಐ ವಿಲ್ ನಾಟ್ ಗೋ’ ಅನ್ನಬೇಕು. ಮಳೆ ಮುಂದೆ ಬರುವುದೇ ಆದರೂ ‘ಇಫ್’ ಇರುವ ಭಾಗಕ್ಕೆ ‘ವಿಲ್’ ಸೇರಿಸಬಾರದು.

‘ಐ ಶಲ್ ಗೋ, ಯು ವಿಲ್ ಗೋ’ ಅಂತ ನಾವು ಗಿಣಿಪಾಠ ಒಪ್ಪಿಸುತ್ತೇವೆ. ಪರೀಕ್ಷೆಗೆ ಅಂಕ ಬರುತ್ತದೆ, ಬಾಯಿಗೆ ಮಾತು ಬರುವುದಿಲ್ಲ. ಅದಕ್ಕೇ ಗುರುಗಳಲ್ಲಿ ನನ್ನದೊಂದು ವಿನಂತಿ. ದಿನವೂ ನಾಲ್ಕು ಜನ ತಾವು ನಾಳೆ ನಿಜವಾಗಿ ಮಾಡುವ ಒಂದೊಂದು ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಲಿ. ದನಕ್ಕೆ ಹುಲ್ಲು ತರುವುದಾಗಲಿ, ತಂಗಿಯನ್ನು ಅಂಗನವಾಡಿಗೆ ಬಿಡುವುದಾಗಲಿ, ಯಾವುದಾದರೂ ಸರಿ. ಮಾರನೇ ದಿನ ಅದನ್ನು ಮಾಡಿದರೋ ಇಲ್ಲವೋ ಅಂತ ಕೇಳೋಣ. ‘ಡಿಡ್’ ಕೂಡ ಕಲಿತ ಹಾಗಾಯಿತು, ಆಡಿದ ಮಾತು ಉಳಿಸಿಕೊಳ್ಳುವುದನ್ನೂ ಕಲಿತ ಹಾಗಾಯಿತು.

ಗೆಳೆಯರಲ್ಲಿ ಇನ್ನೊಂದು ವಿನಂತಿ. ತಪ್ಪಿದರೆ ತಿದ್ದಿರಿ, ನಗಬೇಡಿ. ಹಾಡ್ತಾ ಹಾಡ್ತಾ ರಾಗ ಅಂತ ಹಿರಿಯರು ಹೇಳಿಲ್ಲವೇ? ನಾಳೆಯ ಪೀರಿಯಡ್ಡಿನಲ್ಲಿ ಮೊದಲು ನಾನೇ ಎದ್ದು ನಿಲ್ಲುತ್ತೇನೆ. ಐ ವಿಲ್ ಸ್ಪೀಕ್.

– ಏಳನೇ ತರಗತಿ ವಿದ್ಯಾರ್ಥಿ