ಸ್ಪ್ರಿಂಗ್ ಕತ್ತರಿಸಿದರೆ ಸ್ಪೋರ್ಟ್ಸ್ ಕಾರ್ ಆಗುವುದಿಲ್ಲ

ನಮ್ಮ ಕಡೆ ಹುಡುಗರ ಬಾಯಲ್ಲಿ ಹಳೇ ಸ್ಪೋರ್ಟ್ಸ್ ಕಾರ್ ಅಂದರೆ ಪೋರ್ಷೆಯಲ್ಲ, ಮಾರುತಿ ಝೆನ್. 1993ರಲ್ಲಿ ಬಂದು 2006ರಲ್ಲಿ ನಿಂತುಹೋದ ಈ ಪುಟ್ಟ ಕಾರನ್ನು ಸೆಕೆಂಡ್ ಹ್ಯಾಂಡ್ ತಂದು, ಮುಂದಿನ ಸ್ಪ್ರಿಂಗ್‌ಗಳನ್ನು ಗ್ರೈಂಡರ್‌ನಲ್ಲಿ ಎರಡು ಸುತ್ತು ಕತ್ತರಿಸಿ, ಮೂತಿ ತಗ್ಗಿಸಿ ಓಡಿಸುವುದು ಒಂದು ಶೋಕಿ. ನಮ್ಮ ಕಾಲೇಜಿನಲ್ಲೂ ಇದಕ್ಕಾಗಿ ದುಡ್ಡು ಕೂಡಿಡುವವರಿದ್ದಾರೆ. ಕಾರು ಮಾಡಿಫೈ ಮಾಡುವುದಕ್ಕೆ ನಾನು ವಿರೋಧಿಯಲ್ಲ. ಈ ಕೆಲಸಕ್ಕೆ ಆ ಹೆಸರು ಸಲ್ಲದು ಎಂಬುದಷ್ಟೇ ನನ್ನ ತಕರಾರು.

ಝೆನ್‌ನ ಮುಂದಿನ ಚಕ್ರಗಳನ್ನು ಹಿಡಿದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಈ ಏರ್ಪಾಟು 1950ರ ಫೋರ್ಡ್ ಕಾನ್ಸಲ್‌ನಲ್ಲಿತ್ತು, ನಮ್ಮ ಮಾರುತಿ 800ರಲ್ಲೂ ಇದೆ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿ ಒಂದೇ ಕಂಬ, ಅದರ ಕೆಳಗೆ ಒಂದೇ ಆರ್ಮ್. ಸ್ಟೀರಿಂಗ್ ಜೊತೆ ತಿರುಗುವುದೂ ಇದೇ, ಬ್ರೇಕಿನ ಹೊರೆ ಹೊರುವುದೂ ಇದೇ.

ಈಗ ಪ್ರಥಮ ಪಿಯುಸಿಯ ಹುಕ್ ನಿಯಮ ನೆನಪಿಸಿಕೊಳ್ಳಿ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿ. ಎಂಟು ಸುತ್ತಿನಲ್ಲಿ ಎರಡು ತೆಗೆದರೆ ಉಳಿದದ್ದು ಮೊದಲಿಗಿಂತ ಮೂರರಲ್ಲೊಂದು ಪಾಲು ಹೆಚ್ಚು ಗಟ್ಟಿ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಸ್ಪ್ರಿಂಗಿನ ಲೆಕ್ಕದ್ದೇ. ಹೊಸ ಚಿಮ್ಮುವಿಕೆಯನ್ನು ಅದು ಹಿಡಿಯಲಾರದೆ ಕಾರು ಕುಣಿಯುತ್ತದೆ. ಒಳಗಿನ ರಾಡ್ ಮೊದಲೇ ತಗ್ಗಿರುವುದರಿಂದ ಹಂಪ್ ಬಂದರೆ ನೇರ ಬಂಪ್ ಸ್ಟಾಪ್ ರಬ್ಬರಿಗೇ ಬಡಿತ. ಗುಂಡಿಯಲ್ಲಿ ಚಕ್ರ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಸಡಿಲಾಗಲೂಬಹುದು.

"ತಗ್ಗಿಸಿದರೆ ತಿರುವಿನಲ್ಲಿ ಚೆನ್ನಾಗಿ ಹಿಡಿಯುತ್ತೆ" ಅನ್ನುತ್ತಾರೆ. ಅರ್ಧ ನಿಜ. ಭಾರದ ಕೇಂದ್ರ ಇಳಿಯುತ್ತದೆ. ಆದರೆ ಕೆಳಗಿನ ಆರ್ಮ್ ಚಕ್ರದ ಕಡೆ ಮೇಲೇರಿ ನಿಂತರೆ ರೋಲ್ ಸೆಂಟರ್, ಅಂದರೆ ಕಾರು ಯಾವುದರ ಸುತ್ತ ವಾಲುತ್ತದೋ ಆ ಬಿಂದು, ಇನ್ನೂ ಹೆಚ್ಚು ಇಳಿಯುತ್ತದೆ. ಎರಡರ ಅಂತರ ಹೆಚ್ಚಿ ವಾಲಿಸುವ ಬಲವೂ ಹೆಚ್ಚುತ್ತದೆ. ಸ್ಟೀರಿಂಗ್ ರಾಡಿನ ಕೋನವೂ ಕೆಡುವುದರಿಂದ ಹಂಪ್ ಹತ್ತುವಾಗ ನೀವು ತಿರುಗಿಸದಿದ್ದರೂ ಚಕ್ರ ತುಸು ತಿರುಗುತ್ತದೆ. ಮುಳಬಾಗಿಲು ಹೆದ್ದಾರಿಯಲ್ಲಿ ಪಕ್ಕಕ್ಕೆ ಲಾರಿ ಇರುವಾಗ ಇದು ಸಣ್ಣ ಮಾತಲ್ಲ.

ಬಲ್ಲವರು ಮಾಡುವ ರೀತಿಯೇ ಬೇರೆ. ಜಪಾನಿನ ಹಳೆಯ ಡಾಟ್ಸನ್ 240ಝಡ್ ಇಟ್ಟುಕೊಂಡವರಲ್ಲಿ ಕೆಲವರು ಸ್ಟ್ರಟ್‌ನ ಕೊಳವೆಯನ್ನೇ ಗಿಡ್ಡ ಮಾಡಿ ಬೆಸೆದು, ಅದಕ್ಕೊಪ್ಪುವ ಗಿಡ್ಡ ಶಾಕ್ ಒಳಗಿಟ್ಟು, ರಾಡ್ ಓಡಾಡುವ ಜಾಗ ಉಳಿಸಿಕೊಳ್ಳುತ್ತಾರೆ. ಕೆಳಗಿನ ಜಾಯಿಂಟ್‌ಗೆ ಸ್ಪೇಸರ್ ಕೊಟ್ಟು ಆರ್ಮ್‌ನ ಕೋನ ಸರಿಪಡಿಸುತ್ತಾರೆ. ಆ ಬೆಸುಗೆ ಬಿಟ್ಟರೆ ಚಕ್ರವೇ ಹೋಯಿತು, ಗೇಟು ಕಿಟಕಿ ಬೆಸೆಯುವ ಅಂಗಡಿಯಲ್ಲಿ ಮಾಡಿಸುವ ಕೆಲಸ ಅದಲ್ಲ. ಮಣ್ಣು ರಸ್ತೆಯ ರ‍್ಯಾಲಿಯವರಂತೂ ಕಾರನ್ನು ತಗ್ಗಿಸುವುದೇ ಇಲ್ಲ, ಎತ್ತರಿಸುತ್ತಾರೆ. ನಮ್ಮ ರಸ್ತೆಗಳು ಯಾವುದಕ್ಕೆ ಹತ್ತಿರ ಎಂದು ನಾನು ಹೇಳಬೇಕಿಲ್ಲ.

ಕಾನೂನೂ ಇದೆ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಶ್ರೀನಿವಾಸಪುರದಲ್ಲಿ ಗ್ಯಾರೇಜ್ ನಡೆಸುವ ನಮ್ಮ ಮಾಮು ಸ್ಪ್ರಿಂಗ್ ಕತ್ತರಿಸಲು ಬಂದವರನ್ನು ವಾಪಸ್ ಕಳಿಸುತ್ತಾರೆ. ಗಿರಾಕಿ ಬೇರೆ ಕಡೆ ಹೋಗಿ ಅರ್ಧ ಗಂಟೆಯಲ್ಲಿ ಮಾಡಿಸಿಕೊಳ್ಳುತ್ತಾನೆ. "ದುಡ್ಡು ಬಿಡ್ತೀರಲ್ಲ ಮಾಮು" ಅಂದರೆ ಉರ್ದುವಿನಲ್ಲಿ ಬೈದು ಹೇಳಿದರು: "ನಾಳೆ ಅದೇ ಕಾರಲ್ಲಿ ಅಮ್ಮೀ, ತಂಗೀರನ್ನ ಕೂರಿಸ್ಕೊಂಡು ಮಾಲೂರಿಗೆ ಮದುವೆಗೆ ಹೋಗ್ತಾನೆ. ಅಷ್ಟು ಲೋಡ್‌ಗೆ ಸ್ಟ್ರಟ್‌ನಲ್ಲಿ ಜಾಗ ಎಲ್ಲಿದೆ?" ಮಾಮು ಓದಿದ್ದು ಏಳನೇ ಕ್ಲಾಸು. ನಮ್ಮ ಪಠ್ಯಪುಸ್ತಕದ ಲೆಕ್ಕವನ್ನೇ ಅವರು ಹೇಳಿದ್ದು.

ನಂಬಿಕೆ ಬಾರದವರು ಲ್ಯಾಬಿನಲ್ಲಿ ಸ್ಪ್ರಿಂಗಿಗೆ ತೂಕ ಕಟ್ಟಿ ಅಳೆಯಿರಿ, ಆಮೇಲೆ ಅರ್ಧ ಸ್ಪ್ರಿಂಗಿಗೆ ಮಾತ್ರ ಅದೇ ತೂಕ ಬೀಳುವಂತೆ ಕಟ್ಟಿ ಅಳೆಯಿರಿ. ಕೂಡಿಟ್ಟ ದುಡ್ಡು ಇದ್ದರೆ ಇಪ್ಪತ್ತು ವರ್ಷದ ಝೆನ್‌ಗೆ ಬೇಕಾದದ್ದು ಕಂಪನಿ ಅಳತೆಯ ಹೊಸ ಸ್ಟ್ರಟ್ ಜೋಡಿ, ಮೇಲಿನ ಮೌಂಟ್ ರಬ್ಬರ್, ಆರ್ಮ್ ಬುಷ್, ಕೊನೆಗೆ ವೀಲ್ ಅಲೈನ್‌ಮೆಂಟ್. ಒಂದೇ ಬದಿ ಬದಲಿಸಿ ದುಡ್ಡು ಉಳಿಸಬೇಡಿ, ಎರಡೂ ಬದಿ ಒಟ್ಟಿಗೇ ಹಾಕಿಸಿ.