ಮೃಗಾಲಯಕ್ಕೆ ಅರ್ಧ ದಿನ ಕೊಡಿ, ಸ್ವಾಮಿ!

"ಈ ಭಾನುವಾರ ಮೈಸೂರಿಗೆ ಹೋಗ್ಬರೋಣ್ವಾ?" ಅಂತ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟರೆ ಸಾಕು, ಹತ್ತೇ ನಿಮಿಷದಲ್ಲಿ ಪಟ್ಟಿ ತಯಾರಾಗಿಬಿಡುತ್ತೆ. ಶ್ರೀರಂಗಪಟ್ಟಣ, ಚಾಮುಂಡಿ ಬೆಟ್ಟ, ಅರಮನೆ, ಊಟ, ಝೂ, ಸಂಜೆಗೆ ಕೆ.ಆರ್.ಎಸ್. ಎಲ್ಲಾ ಒಂದೇ ದಿನದಲ್ಲಿ! ರಾತ್ರಿ ಹನ್ನೊಂದಕ್ಕೆ ಬೆಂಗಳೂರು. ಟಿ.ಟಿ. ಡ್ರೈವರಿಗೂ ಈ ಪಟ್ಟಿ ಬಾಯಿಪಾಠ, ನಾವು ಹೇಳೋದೇ ಬೇಡ.

ಈ ಪಟ್ಟಿಯಲ್ಲಿ ಝೂ ಎಲ್ಲಿದೆ ನೋಡಿ. ಊಟ ಆದ ಮೇಲೆ! ನನ್ನ ತಕರಾರು ಇರೋದೇ ಅಲ್ಲಿ. ದೇವಸ್ಥಾನಕ್ಕೆ ಮಧ್ಯಾಹ್ನ ಬಾಗಿಲು ಹಾಕ್ತಾರೆ ಅಂತ ಬೆಳಿಗ್ಗೆ, ಬೃಂದಾವನದಲ್ಲಿ ಲೈಟು ನೋಡಬೇಕು ಅಂತ ಸಂಜೆ. ಮಧ್ಯದಲ್ಲಿ ಉಳಿದ ಬಿಸಿಲಿನ ಹೊತ್ತನ್ನ ತಗೊಂಡು ಹೋಗಿ ಪ್ರಾಣಿಗಳ ತಲೆಗೆ ಕಟ್ಟಿಬಿಡ್ತೀವಿ. "ಹೇಗಿದ್ರೂ ಮರ ಇದೆ, ನೆರಳಿರುತ್ತೆ" ಅನ್ನೋ ಸಮಾಧಾನ ಬೇರೆ.

ಎರಡು ಗಂಟೆಗೆ ಅಲ್ಲಿ ಏನಾಗುತ್ತೆ ಅಂತ ಹೋದವರಿಗೆಲ್ಲಾ ಗೊತ್ತು. ಸಿಂಹ ಮಲಗಿರುತ್ತೆ. ಹುಲಿ ಪೊದೆಯ ಹಿಂದೆ, ಬಾಲದ ತುದಿ ಮಾತ್ರ ಕಾಣುತ್ತೆ. ಕರಡಿ ಎಲ್ಲಿದೆ ಅಂತ ಕೇಳಲೇಬೇಡಿ. ಅದರಲ್ಲಿ ಪ್ರಾಣಿಗಳ ತಪ್ಪೇನಿಲ್ಲ. ಸಿಂಹ ಅನ್ನೋದು ಕಾಡಿನಲ್ಲೇ ದಿನಕ್ಕೆ ಹದಿನಾರು, ಇಪ್ಪತ್ತು ಗಂಟೆ ಬಿದ್ದುಕೊಂಡಿರೋ ಜೀವಿ. ಹುಲಿಯೂ ಅಷ್ಟೇ, ಓಡಾಟವೆಲ್ಲಾ ನಸುಕಿನಲ್ಲಿ ಇಲ್ಲಾ ಮುಸ್ಸಂಜೆಯಲ್ಲಿ. ನಾವು ಹೊಟ್ಟೆ ತುಂಬಾ ಅನ್ನ ಸಾರು ಉಂಡು ತೂಕಡಿಸಿಕೊಂಡು ಹೋಗಿ, ಮಲಗಿರೋ ಹುಲಿಯನ್ನ ನೋಡಿ "ಥೂ, ಏನೂ ಇಲ್ಲ ಇಲ್ಲಿ" ಅಂತೀವಲ್ಲಾ, ಅದು ತಮಾಷೆಯಾಗಿದೆ :-)

ತಮಾಷೆ ಅಷ್ಟಕ್ಕೇ ನಿಂತಿದ್ದರೆ ಇದನ್ನ ಬರೆಯುತ್ತಿರಲಿಲ್ಲ. ಹುಲಿ ಏಳಲಿಲ್ಲ ಅಂದ ತಕ್ಷಣ ಅದನ್ನ ಎಬ್ಬಿಸೋ ಕಾರ್ಯಕ್ರಮ ಶುರುವಾಗುತ್ತೆ. ಮೊದಲು "ಹೋಯ್" ಅಂತ ಕೂಗು, ಆಮೇಲೆ ಚಪ್ಪಾಳೆ, ಶಿಳ್ಳೆ. ಒಳ್ಳೇ ಇಸ್ತ್ರಿ ಶರ್ಟು ಹಾಕಿಕೊಂಡ ಯಜಮಾನರೊಬ್ಬರು ಐದಾರು ವರ್ಷದ ಮಗನನ್ನ ಹೆಗಲ ಮೇಲೆ ಕೂರಿಸಿಕೊಂಡು "ಕೂಗೋ, ಜೋರಾಗಿ ಕೂಗೋ, ಎದ್ದೇಳುತ್ತೆ" ಅಂತ ಹೇಳಿಕೊಡುತ್ತಿದ್ದರು. ಪಾಪ ಹುಡುಗನಿಗೆ ಕೂಗೋ ಮನಸ್ಸೇ ಇರಲಿಲ್ಲ. ಅಪ್ಪನ ಒತ್ತಾಯಕ್ಕೆ ಒಂದೆರಡು ಸಲ ಕೂಗಿದ. ಅವನು ಮನೆಗೆ ತಗೊಂಡು ಹೋಗಿದ್ದು ಏನು? ಹುಲಿಯಂತೂ ಅಲ್ಲ.

"ದುಡ್ಡು ಕೊಟ್ಟು ಬಂದಿದೀವಿ" ಅನ್ನೋದು ಇಲ್ಲಿ ಎಲ್ಲರ ಬಾಯಲ್ಲಿರೋ ವಾದ. ಸರಿ, ಆ ದುಡ್ಡಿನ ವಿಷಯವನ್ನೇ ಮಾತಾಡೋಣ. ಮೈಸೂರು ಮೃಗಾಲಯ ಬಹುಪಾಲು ನಡೆಯೋದು ಗೇಟಿನ ಟಿಕೆಟ್ ಹಣದಿಂದಲೇ. 2020ರಲ್ಲಿ ಕೊರೊನಾ ಬಂದು ಬಾಗಿಲು ಹಾಕಿದಾಗ ಪ್ರಾಣಿಗಳ ಮೇವಿಗೆ, ನೌಕರರ ಸಂಬಳಕ್ಕೆ ದಾನಿಗಳನ್ನ, ದತ್ತು ತಗೊಳ್ಳೋರನ್ನ ಕೇಳಿಕೊಳ್ಳಬೇಕಾಯ್ತು. ಅದಕ್ಕೂ ಮೊದಲು 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಸುಮಾರು ಒಂದು ತಿಂಗಳು ಮುಚ್ಚಿತ್ತು. ಹಾಗಾಗಿ ನಾವು ಕೊಡೋ ದುಡ್ಡು ದೊಡ್ಡದೇ, ಅದರಲ್ಲಿ ಆನೆಯ ಹುಲ್ಲೂ ಇದೆ, ಹುಲಿಯ ಮಾಂಸವೂ ಇದೆ. ಅದರಲ್ಲಿ ಇಲ್ಲದಿರೋದು ಹುಲಿಯ ನಿದ್ದೆ ಕೆಡಿಸೋ ಹಕ್ಕು. ಇದು ನನ್ನ ಮಾತಲ್ಲ, ಕಾನೂನೇ ಹಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38-ಜೆ ಕಲಂ ಪ್ರಕಾರ ಮೃಗಾಲಯದ ಪ್ರಾಣಿಯನ್ನ ಕೆಣಕೋದು, ಅದಕ್ಕೆ ತಿಂಡಿ ಹಾಕೋದು, ಗದ್ದಲ ಮಾಡಿ ತೊಂದರೆ ಕೊಡೋದು ಎಲ್ಲವೂ ಅಪರಾಧ. ಶಿಳ್ಳೆ ಹೊಡೆಯೋರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ತಿಂಡಿ ವಿಷಯದಲ್ಲಂತೂ ನಮ್ಮ ಮೈಸೂರಿಗೆ ಕಹಿ ನೆನಪಿದೆ. 2004ರಲ್ಲಿ ಇದೇ ಝೂನಲ್ಲಿ ಆನೆಗಳು ಒಂದಾದ ಮೇಲೊಂದು ಸತ್ತಾಗ ವಿಷ ಹಾಕಿರೋ ಶಂಕೆ ಎದ್ದು ಊರೇ ಕಂಗಾಲಾಗಿತ್ತು. ಗೇಟಿನಲ್ಲಿ ಬ್ಯಾಗು ಬಿಚ್ಚಿ ನೋಡಿದರೆ, ಪ್ಲಾಸ್ಟಿಕ್ ಕವರು ತೆಗೆಸಿದರೆ ಅಲ್ಲೇ ಜಗಳಕ್ಕೆ ನಿಲ್ಲೋ ನಮ್ಮ ಅಂಕಲ್‌ಗಳಿಗೆ ಇದನ್ನ ನೆನಪಿಸಬೇಕು. ಚಿಪ್ಸ್ ಕವರು ಗಾಳಿಗೆ ಹಾರಿ ಜಿಂಕೆಯ ಹೊಟ್ಟೆ ಸೇರೋಕೆ ಎಷ್ಟು ಹೊತ್ತು ಬೇಕು?

ಹಾಗಾದ್ರೆ ಹೇಗೆ ಹೋಗಬೇಕು ಅಂತೀಯಾ ಅಂದ್ರೆ, ನನ್ನ ವಾದ ಒಂದೇ. ದಿನದ ಪ್ಲಾನ್ ಮಾಡುವಾಗ ಮೊದಲ ಸೀಟು ಪ್ರಾಣಿಗಳಿಗೆ ಕೊಡಿ, ಎರಡನೇದು ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ನಡೆಯೋರಿಗೆ. ಉಳಿದವರು ಹೇಗೋ ಹೊಂದಿಕೊಳ್ತಾರೆ.

ಪ್ರಾಣಿಗಳಿಗೆ ಮೊದಲ ಸೀಟು ಅಂದರೆ ಬೆಳಿಗ್ಗೆ ಎಂಟೂವರೆಗೆ ಗೇಟು ತೆಗೆಯುವಾಗ ನೀವು ಅಲ್ಲಿ ನಿಂತಿರಬೇಕು. ಆಗಿನ್ನೂ ರಾತ್ರಿಯ ಕೋಣೆಯಿಂದ ಹೊರಗೆ ಬಂದು ಮೈಮುರಿಯುತ್ತಿರುತ್ತವೆ, ಬಿಸಿಲು ಏರಿರೋದಿಲ್ಲ, ಶಾಲಾ ಪ್ರವಾಸದ ಬಸ್ಸುಗಳು ಬಂದಿರೋದಿಲ್ಲ. ಬೆಂಗಳೂರಿಂದ ಹೋಗೋರು ಹಿಂದಿನ ದಿನವೇ ಹೋಗಿ ಉಳಿಯೋದು ಒಳ್ಳೇದು. ಈಗ ಎಕ್ಸ್‌ಪ್ರೆಸ್‌ವೇ ಇದೆ, ನಸುಕಿನಲ್ಲಿ ಹೊರಟರೆ ಮುಟ್ಟಬಹುದು ನಿಜ. ಆದರೆ ನಾಲ್ಕು ಗಂಟೆಗೆ ಎಬ್ಬಿಸಿದ ಮಗು ಹನ್ನೊಂದಕ್ಕೆ ಮಾಡೋ ರಂಪವನ್ನ ಲೆಕ್ಕಕ್ಕೆ ಹಿಡಿದುಕೊಳ್ಳಿ. ನಮ್ಮ ಆಫೀಸಿನಲ್ಲಿ ಪ್ರಾಜೆಕ್ಟ್ ಪ್ಲಾನಿಗೆ ಬಫರ್ ಇಡದವನನ್ನ ಮ್ಯಾನೇಜರ್ ನೋಡೋ ಹಾಗೆ ಹೆಂಡತಿ ನಿಮ್ಮನ್ನ ನೋಡ್ತಾಳೆ!

ಮತ್ತೆ ಯಾವ ದಿನ? ಮಂಗಳವಾರ ರಜೆ. ಮೃಗಾಲಯಗಳು ವಾರಕ್ಕೆ ಒಂದು ದಿನವಾದರೂ ಜನರಿಗೆ ಬಾಗಿಲು ಮುಚ್ಚಬೇಕು ಅನ್ನೋದು ನಿಯಮ. ದಸರಾ ಸಮಯದಲ್ಲಿ ಮಂಗಳವಾರವೂ ತೆಗೆಯೋದುಂಟು, ಆದರೆ ದಸರಾ ಜಂಗುಳಿಯಲ್ಲಿ ಝೂ ನೋಡೋಕೆ ಹೋಗೋರಿಗೆ ನಾನು ಏನೂ ಹೇಳಲಾರೆ. ಭಾನುವಾರವಂತೂ ಬೇಡವೇ ಬೇಡ. ನನ್ನ ಮಟ್ಟಿಗೆ ಬುಧವಾರ ಬೆಳಿಗ್ಗೆ ಪ್ರಶಸ್ತ. ಒಂದು ದಿನ ನೆಮ್ಮದಿಯಾಗಿದ್ದ ಪ್ರಾಣಿಗಳು, ವಾರದ ಮಧ್ಯದ ಖಾಲಿ ದಾರಿ. ಒಂದು ರಜೆ ಖರ್ಚಾಗುತ್ತೆ, ಆಗಲಿ ಬಿಡಿ. ವರ್ಷದ ಕೊನೆಯಲ್ಲಿ ಉಳಿದ ರಜೆ ಲ್ಯಾಪ್ಸ್ ಆಯ್ತು ಅಂತ ಗೋಳಾಡೋದು ನಾವೇ ತಾನೇ?

ಇನ್ನು ಎರಡನೇ ಸೀಟಿನ ವಿಷಯ. ಇದನ್ನ ಯಾರೂ ಯೋಚನೆ ಮಾಡೋದೇ ಇಲ್ಲ. ಒಳಗಿನ ಸುತ್ತು ಸುಮಾರು ಮೂರು ಕಿಲೋಮೀಟರ್. ದಾರಿ ಬಹುಪಾಲು ಒಂದೇ ಸುತ್ತಾಗಿ ಹೋಗೋದರಿಂದ ಅರ್ಧ ನಡೆದ ಮೇಲೆ ಮಂಡಿ ನೋವು ಬಂದರೆ, ವಾಪಸ್ ಬರೋದೂ ಅಷ್ಟೇ ದೂರ, ಮುಂದೆ ಹೋಗೋದೂ ಅಷ್ಟೇ ದೂರ. ಅಜ್ಜಿ ಯಾವತ್ತೂ "ಕಾಲು ನೋಯುತ್ತೆ" ಅಂತ ಬಾಯಿಬಿಟ್ಟು ಹೇಳೋದಿಲ್ಲ. "ನೀವು ನೋಡ್ಕೊಂಡ್ ಬನ್ರಪ್ಪಾ, ನಾನಿಲ್ಲೇ ಕೂತಿರ್ತೀನಿ, ನಾನೇನು ನೋಡದೇ ಇರೋ ಆನೆನಾ" ಅಂತಾರೆ. ನಾವೂ "ಅಜ್ಜಿಗೆ ಇಂಟರೆಸ್ಟ್ ಇಲ್ಲ" ಅಂದುಕೊಂಡು, ಅವರ ಮಡಿಲಿಗೆ ಎಲ್ಲರ ಬ್ಯಾಗು, ಸ್ವೆಟರು, ನೀರಿನ ಬಾಟಲಿ ಹೇರಿ ಹೊರಡ್ತೀವಿ. ಎರಡೂವರೆ ಗಂಟೆ ಬೆಂಚಿನ ಮೇಲೆ ಒಬ್ಬರೇ. ಇದಕ್ಕೆ ಫ್ಯಾಮಿಲಿ ಟ್ರಿಪ್ ಅಂತ ಹೆಸರು! ಯಾವತ್ತಾದ್ರೂ ಝೂಗೆ ಹೋದಾಗ ಬೆಂಚುಗಳನ್ನ ಗಮನಿಸಿ, ಸಾಲಾಗಿ ಇಂಥ ಅಜ್ಜಿಯರೇ ಕಾಣ್ತಾರೆ.

ಬ್ಯಾಟರಿ ಗಾಡಿ ಇದೆ, ಬೇರೆ ಟಿಕೆಟ್ ತಗೋಬೇಕು ಅಷ್ಟೇ. ಬೆಳಿಗ್ಗೆ ಬೇಗ ಹೋದರೆ ಅದಕ್ಕೂ ಕ್ಯೂ ಕಡಿಮೆ. ಕೇಳಿ ನೋಡೋಕೆ ನಾಚಿಕೆ ಯಾಕೋ ಗೊತ್ತಿಲ್ಲ, ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನಿಗೆ ಕೊಡುವಾಗ ನಮಗೆ ಅದು ಬರೋದಿಲ್ಲ. ಅಜ್ಜಿ ಗಾಡಿಯಲ್ಲಿ ಸುತ್ತು ಮುಗಿಸಲಿ, ಒಬ್ಬರು ಜೊತೆಗೆ ಹೋಗಲಿ.

ಮಕ್ಕಳ ವಿಷಯಕ್ಕೆ ಬಂದರೆ, "ಎಲ್ಲಾ ತೋರಿಸಿಬಿಡೋಣ" ಅನ್ನೋ ಹಟವನ್ನ ಬಿಡಬೇಕು. ನಾಲ್ಕೈದು ವರ್ಷದ ಮಗುವಿನ ಶಕ್ತಿ ಎರಡು ಗಂಟೆ. ಐದು ಪ್ರಾಣಿ ಆರಿಸಿಕೊಳ್ಳಲಿ, ಮಗುವೇ ಆರಿಸಲಿ. ಜಿರಾಫೆಯ ಮುಂದೆ ಹದಿನೈದು ನಿಮಿಷ ಸುಮ್ಮನೆ ನಿಂತು ನೋಡಿ, ಒಂದೂವರೆ ಅಡಿ ಉದ್ದದ ಕಪ್ಪು ನಾಲಿಗೆ ಹೊರಗೆ ಹಾಕಿ ಸೊಪ್ಪನ್ನ ಸುತ್ತಿ ಎಳೆದುಕೊಳ್ಳೋದನ್ನ ನೋಡಿದ ಮಗು ಆ ರಾತ್ರಿ ಊಟದ ತಟ್ಟೆ ಮುಂದೆ ಅದನ್ನೇ ಮಾಡಿ ತೋರಿಸುತ್ತೆ. ಗೊರಿಲ್ಲಾಗಳಿಗೂ ಇಷ್ಟೇ ಹೊತ್ತು ಕೊಡಬೇಕು. ಡಬ್ಲಿನ್‌ನಿಂದ 1995ರಲ್ಲಿ ಬಂದಿದ್ದ ಪೋಲೋ ಭಾರತಕ್ಕೆಲ್ಲಾ ಇದ್ದ ಒಂದೇ ಗೊರಿಲ್ಲಾ ಅನ್ನಿಸಿಕೊಂಡು, ಜೊತೆಯಿಲ್ಲದೇ ಬಾಳಿ 2014ರಲ್ಲಿ ತೀರಿಕೊಂಡಿತು. ಆಮೇಲೆ 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಅಂತ ಎರಡು ಬಂದವು. ಈ ಕಥೆ ಗೊತ್ತಿದ್ದು ನೋಡಿದ ಮಗು "ಕೂಗೋ" ಅಂದರೂ ಕೂಗೋದಿಲ್ಲ ಅನ್ನೋದು ನನ್ನ ನಂಬಿಕೆ. ಹೋಗೋ ಮೊದಲು ಮನೆಯಲ್ಲೇ ಕೂತು ಹೇಳಿ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಕಟ್ಟಿಸಿದ್ದು ಅನ್ನೋದನ್ನೂ ಸೇರಿಸಿ ಬೇಕಿದ್ರೆ, ಆದ್ರೆ ಮಗುವಿಗೆ ಇಸವಿಗಿಂತ ಪೋಲೋ ಮುಖ್ಯ.

ಗೆಳೆಯನೊಬ್ಬ ಇದಕ್ಕೆಲ್ಲಾ ಒಂದು ಆಕ್ಷೇಪ ಎತ್ತಿದ. "ನಿನಗೇನಪ್ಪಾ, ಬೆಂಗಳೂರಲ್ಲಿದೀಯಾ, ಯಾವಾಗ ಬೇಕಾದ್ರೂ ಹೋಗ್ತೀಯ. ರಾಯಚೂರಿನೋರು, ಬೀದರಿನೋರು ಜೀವಮಾನಕ್ಕೊಂದು ಸಲ ಬರ್ತಾರೆ, ಅವರಿಗೆ ಎಲ್ಲಾ ನೋಡೋ ಆಸೆ ಇರೋದಿಲ್ವಾ?" ಅಂತ. ಮಾತು ಸರಿಯಾಗೇ ಇದೆ. ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಬರೋ ಶಾಲೆ ಮಕ್ಕಳಿಗೆ ಬುಧವಾರ ರಜೆ ಹಾಕಿ ಅನ್ನೋಕೆ ನಾನ್ಯಾರು? ಆದರೆ ಅವರಿಗೂ ಪಟ್ಟಿಯ ಕ್ರಮ ಬದಲಿಸೋದು ಸಾಧ್ಯ. ಝೂ ಮೊದಲು, ಅರಮನೆ ಆಮೇಲೆ. ಅಂಬಾರಿ ಮಧ್ಯಾಹ್ನ ನಿದ್ದೆ ಮಾಡೋದಿಲ್ಲವಲ್ಲ! ಒಂದು ಜಾಗ ಬಿಡಲೇಬೇಕಾಗಿ ಬಂದರೆ ಝೂವನ್ನೇ ಬಿಟ್ಟುಬಿಡಿ ಅಂತಲೂ ಹೇಳ್ತೀನಿ. ಮುಕ್ಕಾಲು ಗಂಟೆಯಲ್ಲಿ ಓಡಿಸಿಕೊಂಡು ಹೋಗೋ ಝೂ ನೋಡದಿದ್ದರೆ ನಷ್ಟವೇನಿಲ್ಲ.

ಮನೆಯಲ್ಲಿ ಅಪ್ಪ ಅಮ್ಮ "ಮೈಸೂರಿಗೆ ಹೋಗಿ ತಾಯಿ ದರ್ಶನ ಮಾಡದೇ ಬರೋದಾ" ಅನ್ನೋದು ಗ್ಯಾರಂಟಿ. ಹಿಂದಿನ ದಿನ ಸಂಜೆಯೇ ಬೆಟ್ಟ ಹತ್ತಿ ಬನ್ನಿ, ಬೆಳಗಿನ ಜಾವ ಯಾರೂ ಗೊಣಗೋದಿಲ್ಲ. ಬೆಳಿಗ್ಗೆ ನಜರ್‌ಬಾದಿನಲ್ಲಿ ಮೈಲಾರಿ ದೋಸೆ, ಅಲ್ಲಿಂದ ಝೂ ತುಂಬಾ ಹತ್ತಿರ. ಹನ್ನೊಂದೂವರೆ ಹನ್ನೆರಡಕ್ಕೆ, ಯಾರಿಗೂ ಸುಸ್ತಾಗೋ ಮೊದಲೇ, ಹೊರಗೆ ಬಂದುಬಿಡಿ. ಕಟ್ಟಿಕೊಂಡು ಹೋದ ಚಿತ್ರಾನ್ನ, ಮೊಸರನ್ನ ಹೊರಗೆ ಎಲ್ಲಾದರೂ ಕೂತು ಉಂಡು, ಇನ್ನೂ ಉತ್ಸಾಹ ಇದ್ದರೆ ಪಕ್ಕದಲ್ಲೇ ಕಾರಂಜಿ ಕೆರೆ ಇದೆ. ಅಲ್ಲಿ ಹಕ್ಕಿಗಳ ದೊಡ್ಡ ಬಲೆಮನೆಯೊಳಗೇ ನಡೆದುಕೊಂಡು ಹೋಗಬಹುದು, ದೋಣಿಯೂ ಇದೆ. ಅಜ್ಜಿ ದೋಣಿ ಹತ್ತೋದಕ್ಕೆ ಯಾವತ್ತೂ ಬೇಡ ಅನ್ನೋದಿಲ್ಲ, ಕೇಳಿ ನೋಡಿ. ಅದಕ್ಕೂ ಮಂಗಳವಾರ ರಜೆ, ಮರೀಬೇಡಿ.