ಕೊಂಡವನು ಒಡೆಯನೋ, ಗೇಣಿದಾರನೋ?

ಬಾತಿಯ ನಾಲ್ವರು ಹುಡುಗರು ಹಣ ಕೂಡಿಸಿ ವಿಡಿಯೋ ಗೇಮಿನ ಯಂತ್ರವೊಂದನ್ನು ಕೊಂಡರೆನ್ನಿ. ಹೊಸ ಆಟದ ಡಿಸ್ಕೊಂದಕ್ಕೆ 4,999 ರೂ. ತೆತ್ತರು. ತಿಂಗಳೊಪ್ಪತ್ತಿನಲ್ಲಿ ಆಡಿ ಮುಗಿಸಿದರು. ಅದೇ ಡಿಸ್ಕನ್ನು ದಾವಣಗೆರೆಯ ಇನ್ನೊಬ್ಬ ಹುಡುಗನಿಗೆ 3,000 ರೂಪಾಯಿಗೆ ಮಾರಿದರು. ಇವರಿಗೆ ಬಿದ್ದ ಖರ್ಚು 1,999 ರೂ. ಅವನಿಗಾದ ಉಳಿತಾಯವೂ 1,999 ರೂ. ಇದರಲ್ಲಿ ಯಾರಿಗೆ ಅನ್ಯಾಯವಾಯಿತು?

ತಮಗೆ ಅನ್ಯಾಯವಾಯಿತೆನ್ನುತ್ತಾರೆ ಆಟದ ಕಂಪನಿಗಳ ಧಣಿಗಳು. ಎರಡನೆಯ ಮಾರಾಟದಲ್ಲಿ ಅವರಿಗೆ ಬಿಡಿಗಾಸೂ ಬರಲಿಲ್ಲವಂತೆ! ಎತ್ತು ಮಾರಿದವನು, ಆ ಎತ್ತು ಸಂತೆಯಿಂದ ಸಂತೆಗೆ ಹೋದಾಗಲೆಲ್ಲ ಪಾಲು ಕೇಳುತ್ತಾನೆಯೆ? ಹಳೆಯ ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು ಓದಿಯೇ ನಮ್ಮ ಬಡ ಮಕ್ಕಳು ಪರೀಕ್ಷೆ ದಾಟಿದ್ದಾರೆ. ಒಮ್ಮೆ ಚಲಾವಣೆಗೆ ಬಂದ ಪುಸ್ತಕದ ಪ್ರತಿ ಕೈ ಬದಲಾಯಿಸುವುದಕ್ಕೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯೂ ಅಡ್ಡ ಬರುವುದಿಲ್ಲ. ಬಂಡವಾಳದ ತವರಾದ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ, ಮಾರಿಬಿಟ್ಟ ಪುಸ್ತಕದ ಮುಂದಿನ ಬೆಲೆಯನ್ನು ಪ್ರಕಾಶಕ ಕಟ್ಟಿಹಾಕಲಾರನೆಂದು 1908ರಲ್ಲಿ ತೀರ್ಪಿತ್ತಿತು.

ವಾದದಿಂದ ಗೆಲ್ಲಲಾರದ ಧಣಿಗಳು ಯಂತ್ರದಿಂದ ಗೆಲ್ಲಹೊರಟರು. 2013ರಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರದಲ್ಲಿ ಡಿಸ್ಕಿನ ಆಟವನ್ನೂ ಕೊಂಡವನ ಖಾತೆಗೆ ಕಟ್ಟುವುದಾಗಿಯೂ, ಮರುಮಾರಾಟಕ್ಕೆ ಪ್ರಕಾಶಕರ ಅಪ್ಪಣೆ ಬೇಕೆಂದೂ ಸಾರಿತು. ಜನ ರೊಚ್ಚಿಗೆದ್ದರು. ಜೂನ್ 19ರಂದು ಕಂಪನಿ ಆ ಯೋಜನೆಯನ್ನು ಕೈಬಿಡಬೇಕಾಯಿತು.

ಮುಂಬಾಗಿಲಲ್ಲಿ ಬಾರದ್ದು ಈಗ ಹಿತ್ತಿಲಿನಿಂದ ಬಂದಿದೆ. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಪ್ಲೇಸ್ಟೇಷನ್ 5 ಯಂತ್ರಕ್ಕೆ ಎರಡು ಬೆಲೆ ಇಟ್ಟರು. ಡಿಸ್ಕ್ ಹಾಕುವ ಕಿಂಡಿ ಇದ್ದುದಕ್ಕೆ 49,990 ರೂ.; ಕಿಂಡಿ ಇಲ್ಲದ್ದಕ್ಕೆ 39,990 ರೂ. ಹತ್ತು ಸಾವಿರ ಉಳಿಯಿತೆಂದು ಹಿಗ್ಗಿದವನು ಹಳೆಯ ಡಿಸ್ಕ್ ಕೊಳ್ಳಲಾರ, ಆಡಿ ಮುಗಿದದ್ದನ್ನು ಮಾರಲಾರ, ಗೆಳೆಯನಿಗೆ ಎರವಲು ಕೊಡಲಾರ. ಅವನಿಗೆ ಇರುವುದು ಒಂದೇ ಅಂಗಡಿ. ಅಲ್ಲಿ ಹೇಳಿದ್ದೇ ಬೆಲೆ. ನಮ್ಮ ಬಾತಿಯ ಹುಡುಗರ ಲೆಕ್ಕದಲ್ಲಿ ನಾಲ್ಕು ಆಟ ಮಾರಿದರೆ 12,000 ರೂ. ಕೈಸೇರುತ್ತಿತ್ತು. ಹಾಗಾದರೆ ಆ ಹತ್ತು ಸಾವಿರ ಯಾರು ಯಾರಿಗೆ ಕೊಟ್ಟ ರಿಯಾಯಿತಿ?

ಹೀಗೆ ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು ಮಾತ್ರ. ಪೂರ್ತಿ ಬೆಲೆ ತೆತ್ತ ಮೇಲೂ ಅವನು ಒಕ್ಕಲು, ಕಂಪನಿ ಒಡೆಯ. ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಎದ್ದ 1951ರ ಕಾಗೋಡು ಸತ್ಯಾಗ್ರಹವನ್ನು ಕಂಡ ನಾಡು ಇದು. 1974ರಲ್ಲಿ ಭೂಸುಧಾರಣೆಯ ಕಾಯಿದೆ ತಿದ್ದಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಹೊರಟ ನಾಡಿನಲ್ಲಿ, ಒಡೆಯನಾಗಬೇಕಾದವನನ್ನು ಮತ್ತೆ ಗೇಣಿದಾರನನ್ನಾಗಿ ಮಾಡುವ ಈ ವ್ಯಾಪಾರವನ್ನು ನಾವು ಪ್ರಗತಿ ಎಂದು ಕರೆಯಬೇಕೆ?

ಒಡೆಯ ಒಕ್ಕಲೆಬ್ಬಿಸುವುದೂ ಉಂಟು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ 'ದಿ ಕ್ರೂ' ಎಂಬ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಡಿಸ್ಕ್ ಕೈಯಲ್ಲಿದ್ದವನಿಗೂ ಆಟ ಸತ್ತಿತು. ಇತ್ತ ಹರಿಹರವನ್ನು ನೋಡಿ. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಉರುಳಿವೆ. ಅಲ್ಲಿ ತಯಾರಾದ ಲೇಥುಗಳು ಮಾತ್ರ ಕೈಯಿಂದ ಕೈಗೆ ಮಾರಾಟವಾಗುತ್ತ ಸಣ್ಣ ವರ್ಕ್‌ಶಾಪುಗಳಲ್ಲಿ ತಿರುಗುತ್ತಲೇ ಇವೆ. ಅಲ್ಲಿ ಕಂಪನಿ ಬದುಕಿದೆ, ಮಾಲು ಸತ್ತಿದೆ. ಇಲ್ಲಿ ಕಂಪನಿ ಸತ್ತಿದೆ, ಮಾಲು ದುಡಿಯುತ್ತಿದೆ. ಕೊಂಡವನ ಒಡೆತನವೆಂದರೆ ಇದು.

ಹಳೆಯದನ್ನು ಕೊಂಡರೆ ಆಟ ಕಟ್ಟುವ ಕೆಲಸಗಾರನ ಹೊಟ್ಟೆಗೆ ಹೊಡೆದಂತಲ್ಲವೆ ಎಂದು ಕೆಲವು ಮಿತ್ರರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರ ಕೊಡಲೇಬೇಕು. ಮೈಕ್ರೋಸಾಫ್ಟ್ 2023ರ ಅಕ್ಟೋಬರಿನಲ್ಲಿ ಸುಮಾರು 69 ಶತಕೋಟಿ ಡಾಲರ್ ಸುರಿದು ಆಕ್ಟಿವಿಷನ್ ಬ್ಲಿಜರ್ಡ್ ಕಂಪನಿಯನ್ನು ನುಂಗಿತು. ನಾಲ್ಕು ತಿಂಗಳೊಳಗೆ, 2024ರ ಜನವರಿಯಲ್ಲಿ, ಆಟದ ವಿಭಾಗದಿಂದ 1,900 ಕೆಲಸಗಾರರನ್ನು ಹೊರಹಾಕಿತು. ಅವರ ಅನ್ನ ಕಸಿದವನು ದಾವಣಗೆರೆಯ ಹಳೆಯ ಡಿಸ್ಕಿನ ಗಿರಾಕಿಯಲ್ಲ. ಆದರೆ ನಾಲ್ಕೈದು ಜನ ಸೇರಿ ಒಂದು ಕೋಣೆಯಲ್ಲಿ ಆಟ ಕಟ್ಟುವ ಸಣ್ಣವರೂ ಇದ್ದಾರೆ. ಅವರ ಆಟವನ್ನು ಶಕ್ತಿಯುಳ್ಳವರು ಹೊಸದಾಗಿಯೇ ಕೊಳ್ಳಲಿ. ಅದು ಕೊಳ್ಳುವವನ ಧರ್ಮ. ಅದನ್ನು ಧಣಿಯ ಬೀಗದಿಂದ ಹೇರಲಾಗದು.

ಹುಡುಗರ ಆಟದ ಮಾತು ರೈತ ಕಾರ್ಮಿಕರ ಪತ್ರಿಕೆಗೇಕೆ ಎಂದು ಮೂಗು ಮುರಿಯುವವರಿಗೂ ಒಂದು ಮಾತು. ಅಮೆರಿಕದಲ್ಲಿ ಟ್ರ್ಯಾಕ್ಟರಿನ ತಂತ್ರಾಂಶವನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡು ರೈತನ ದುರಸ್ತಿಯ ಹಕ್ಕಿಗೆ ಅಡ್ಡ ಬಂದಿದೆಯೆಂದು ಜಾನ್ ಡೀರ್ ಕಂಪನಿಯ ಮೇಲೆ ಅಲ್ಲಿನ ವ್ಯಾಪಾರ ಆಯೋಗವೇ 2025ರ ಜನವರಿಯಲ್ಲಿ ದಾವೆ ಹೂಡಿತು. ಇಂದು ಹುಡುಗನ ಡಿಸ್ಕಿಗೆ ಬಿದ್ದ ಬೀಗ ನಾಳೆ ನಮ್ಮ ರೈತ ಕೊಳ್ಳುವ ಹಳೆಯ ಟ್ರ್ಯಾಕ್ಟರಿಗೂ ಬೀಳಬಹುದೆಂಬುದನ್ನು ಮರೆಯಬಾರದು.

ಆದುದರಿಂದ ನಮ್ಮ ಒತ್ತಾಯ ಇಷ್ಟು:

1. ಪರವಾನಗಿಯನ್ನು ಮಾರುವವನು 'ಮಾರಾಟ' ಎಂಬ ಪದ ಬಳಸಿ ಜನರನ್ನು ವಂಚಿಸಬಾರದು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿಯಿಂದ ಇಂಥ ಕಾಯಿದೆ ಇದೆ, ಇಲ್ಲಿಯೂ ಬರಲಿ.

2. ಬೆಲೆ ತೆತ್ತು ಕೊಂಡ ಆಟವನ್ನು, ಅದು ಡಿಸ್ಕಿನಲ್ಲಿರಲಿ ತಂತಿಯ ಮೇಲೆ ಬಂದಿರಲಿ, ಮಾರುವ ಹಾಗೂ ಎರವಲು ಕೊಡುವ ಹಕ್ಕನ್ನು ಕಾನೂನು ಸ್ಪಷ್ಟವಾಗಿ ಮಾನ್ಯ ಮಾಡಲಿ. ಕೊಂಡವನು ತನ್ನ ಪ್ರತಿಯನ್ನು ಅಳಿಸಿಹಾಕಿದರೆ ತಂತ್ರಾಂಶವನ್ನು ಮರುಮಾರಾಟ ಮಾಡಬಹುದೆಂದು ಐರೋಪ್ಯ ನ್ಯಾಯಾಲಯ 2012ರಲ್ಲಿಯೇ ಹೇಳಿದೆ.

3. ಸರ್ವರ್ ನಿಲ್ಲಿಸುವ ಕಂಪನಿ, ಕೊಂಡವರು ಆಟವನ್ನು ಮುಂದೆಯೂ ಆಡುವಂತೆ ಏರ್ಪಾಡು ಮಾಡಿಯೇ ಹೋಗತಕ್ಕದ್ದು.

ಅಲ್ಲಿಯವರೆಗೆ ಯುವಕರಿಗೆ ನಮ್ಮ ಸಲಹೆ: ಕಿಂಡಿಯಿರುವ ಯಂತ್ರವನ್ನೇ ಕೊಳ್ಳಿ. ಹಳೆಯ ಡಿಸ್ಕನ್ನು ನಾಚಿಕೆಯಿಲ್ಲದೆ ಕೊಳ್ಳಿ, ಆಡಿದ ಮೇಲೆ ಇನ್ನೊಬ್ಬನಿಗೆ ದಾಟಿಸಿ.